ಯಾರೂ ನೆಡದ ಗಿಡ

ಪರ್ತ್ ವಿಮಾನ ನಿಲ್ದಾಣ

ಆಸ್ಟ್ರೇಲಿಯಾದ ನೆಲಕ್ಕೆ ಕಾಲಿಟ್ಟ ಸ್ವಲ್ಪ ಹೊತ್ತಿಗೆಲ್ಲ ನಾನು ಶೂ ಇಲ್ಲದೆ, ಬರೀ ಕಾಲುಚೀಲದಲ್ಲಿ ನಿಂತಿದ್ದೆ. ಶೂಗಳನ್ನು ಒಬ್ಬ ಹೆಣ್ಣುಮಗಳು ಟ್ರೇನಲ್ಲಿಟ್ಟುಕೊಂಡು ತೊಳೆಯಲು ಒಳಗೆ ಒಯ್ದಿದ್ದಳು. ವಿಮಾನದಲ್ಲಿ ಕೊಟ್ಟ ಕಾಗದದಲ್ಲಿ, ಇತ್ತೀಚೆಗೆ ಕಾಡುಮೇಡು ತಿರುಗಿದ್ದೀರಾ ಎಂಬ ಪ್ರಶ್ನೆಗೆ ನಾನು ಹೌದು ಎಂದು ಗುರುತು ಹಾಕಿದ್ದೆ. ಪಕ್ಕದ ಸೀಟಿನವರು ಎಲ್ಲದಕ್ಕೂ ‘ಇಲ್ಲ’ ಅಂತ ಹಾಕಿ ಆರಾಮಾಗಿರಿ ಎಂದು ಬುದ್ಧಿ ಹೇಳಿದ್ದರು. ಆದರೆ ರಾಜಾಜಿನಗರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತ, ಪರೀಕ್ಷೆಗಳಲ್ಲಿ ಚೀಟಿ ಹಿಡಿಯುತ್ತ ತಲೆ ನರೆತವಳು ನಾನು. ಸುಳ್ಳು ಬರೆದರೆ ಮುಖದಲ್ಲಿ ಕಂಡುಬಿಡುತ್ತದೆ.

ಶೂಗಳ ಅಡಿಯಲ್ಲಿ ಕೆಂಗೇರಿ ಆಚೆಗಿನ ಒಂದು ಗುಡ್ಡದ ಕೆಮ್ಮಣ್ಣು ಕೂತಿತ್ತು. ಅದರಲ್ಲಿ ಯಾವ ಬೀಜ, ಯಾವ ರೋಗದ ಕಣ ಇದೆಯೋ ಎಂದು ಅವರಿಗೆ ಭಯ. ತೊಳೆದು ಒರೆಸಿ ತಂದುಕೊಟ್ಟಾಗ ನನ್ನ ಶೂಗಳನ್ನು ನಾನೇ ಗುರುತಿಸಲಿಲ್ಲ. ಕೊಂಡ ದಿನವೂ ಅವು ಅಷ್ಟು ಹೊಳೆದಿರಲಿಲ್ಲ. ಬೆಂಗಳೂರಿನಲ್ಲಿ ಮದುವೆ ಮನೆಗೆ ಹೋದರೂ ಇಂಥ ಉಪಚಾರ ಸಿಗುವುದಿಲ್ಲ ಎಂದುಕೊಂಡು ಖುಷಿಯಿಂದ ಹಾಕಿಕೊಂಡೆ.

ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಬ್ಯಾಗಿನಿಂದ ಒಂದು ಡಬ್ಬಿ ಹೊರಬಂತು. ಮಾಕಳಿ ಬೇರಿನ ಉಪ್ಪಿನಕಾಯಿ. ಬಸವೇಶ್ವರನಗರದ ನಾಗರತ್ನಮ್ಮ ಟೀಚರ್ ತಮ್ಮ ಹಿತ್ತಲಲ್ಲೇ ಬೆಳೆದ ಬೇರಿನಿಂದ ಕೈಯಾರೆ ಹಾಕಿ, ನನಗೆ ಅಲ್ಲಿ ಪಾಠ ಹೇಳಿಕೊಡುವವರಿಗೆಂದು ಕಳಿಸಿದ್ದು. ಏನೇನು ಹಾಕಿದ್ದಾರೆ ಎಂದು ಆ ಹೆಣ್ಣುಮಗಳು ಕೇಳಿದಳು. ಬೇರು, ಉಪ್ಪು, ಸಾಸಿವೆ, ಮೆಣಸಿನಪುಡಿ, ನಿಂಬೆರಸ ಎಂದು ಹೇಳಿ, ಕೊನೆಗೆ ಮೊಸರು ಅಂದೆ. ಮೊಸರು ಕೇಳಿದ್ದೇ ಅವಳ ಮುಖ ಸಣ್ಣದಾಯಿತು. ನಮ್ಮ ದೇಶದ ಹಾಲು ಮೊಸರು ಒಳಗೆ ಬರುವ ಹಾಗಿಲ್ಲವಂತೆ. ಎಸೆಯುವ ಮುಂಚೆ ಅವಳು ಡಬ್ಬಿಯ ಹತ್ತಿರ ಮೂಗು ತಂದು, ಇದರಲ್ಲಿ ವೆನಿಲಾ ಹಾಕಿದ್ದೀರಾ ಎಂದು ಕೇಳಿದಳು. ಇಲ್ಲಮ್ಮ, ಬೇರಿನ ವಾಸನೆಯೇ ಹಾಗೆ ಎಂದೆ. ಟೀಚರ್ ಒಂದು ಮಧ್ಯಾಹ್ನವಿಡೀ ಕೂತು ಸಿಪ್ಪೆ ಹೆರೆದು, ಒಳಗಿನ ನಾರು ತೆಗೆದು, ಹೆಚ್ಚಿದ್ದು ಕಣ್ಣ ಮುಂದೆಯೇ ಕಸದ ಡಬ್ಬಕ್ಕೆ ಬಿತ್ತು.

ಅದೇ ಬ್ಯಾಗಿನ ಪಕ್ಕದ ಜೇಬಿನಲ್ಲಿ ಒಂದು ಪೆನ್‌ಡ್ರೈವ್ ಇತ್ತು. ಗುಡ್ಡದ ಮಾಕಳಿ ಬಳ್ಳಿಗಳೆಲ್ಲ ಡಿಎನ್‌ಎ ಅಕ್ಷರಗಳಾಗಿ ಅದರೊಳಗಿದ್ದವು. ಅದನ್ನು ಯಾರೂ ಕೇಳಲಿಲ್ಲ.

ನಿಲ್ದಾಣದಿಂದ ಊರೊಳಕ್ಕೆ

ನನ್ನನ್ನು ಕರೆದೊಯ್ಯಲು ಹೆಲೆನ್ ಬಂದಿದ್ದರು. ಅಳಿವಿನಂಚಿನ ಗಿಡಗಳ ಡಿಎನ್‌ಎ ನೋಡಿ, ಯಾವುದನ್ನು ಎಲ್ಲಿ ನೆಟ್ಟರೆ ಉಳಿದೀತು ಎಂದು ಹೇಳುವುದು ಅವರ ಕೆಲಸ. ನಾನು ಬಂದದ್ದೂ ಅದನ್ನು ಕಲಿಯಲಿಕ್ಕೆ. ಕಾರು ನಿಶ್ಶಬ್ದವಾಗಿ ಓಡುತ್ತಿತ್ತು. ಒಂದು ಹಾರ್ನ್ ಸದ್ದೂ ಇಲ್ಲದ ರಸ್ತೆಯಲ್ಲಿ, ಮಾಗಡಿ ರೋಡಿನ ಕಿವಿಗಳನ್ನು ಹೊತ್ತುಕೊಂಡು ಬಂದ ನನಗೆ ಏನೋ ಕೆಟ್ಟುಹೋಗಿದೆ ಅನ್ನಿಸುತ್ತಿತ್ತು. ಉಪ್ಪಿನಕಾಯಿ ಹೋದ ದುಃಖದಲ್ಲಿ ನಾನು ಗುಡ್ಡದ ಕಥೆಯನ್ನೆಲ್ಲ ಅವರಿಗೆ ಹೇಳಿದೆ.

ಮಾಕಳಿ ನಮ್ಮ ಕಡೆಯ ಕಲ್ಲುಗುಡ್ಡಗಳಲ್ಲಿ ಹಬ್ಬುವ ಬಳ್ಳಿ. ತಿನ್ನುವುದು ಬೇರನ್ನು, ಆದ್ದರಿಂದ ಒಂದು ಡಬ್ಬಿ ಉಪ್ಪಿನಕಾಯಿಗೆ ಒಂದು ಬಳ್ಳಿಯಾದರೂ ಹೋಗಲೇಬೇಕು. ತಲೆಮಾರುಗಳಿಂದ ಅಗೆದು ಅಗೆದು ಗುಡ್ಡಗಳು ಬರಿದಾಗಿವೆ. ಟೀಚರ್ ಒಂದು ಸಲ ಮಾರ್ಕೆಟ್ಟಿನಲ್ಲಿ ಕಿರುಬೆರಳಿಗಿಂತ ಸಣ್ಣ ಬೇರುಗಳ ಗುಡ್ಡೆ ಕಂಡು, ಕೊಳ್ಳದೆ ಮನೆಗೆ ಬಂದರು. ಮಾರನೆಯ ಬೆಳಗ್ಗೆ ವಿಜಯನಗರದ ಪಾರ್ಕಿನಲ್ಲಿ ನಮ್ಮ ವಾಕಿಂಗ್ ಗುಂಪಿನ ಮುಂದೆ ನಿಂತು, ಇಷ್ಟು ವರ್ಷ ತಿಂದಿದ್ದೇವೆ, ಇನ್ನು ನೆಡೋಣ ಎಂದರು. ಅವರು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ಅವರು ಹೇಳಿದ ಮೇಲೆ ಕೈ ಎತ್ತದೆ ಇರುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ.

ಅನುಮತಿ ಪಡೆದು ಕೆಂಗೇರಿ ಆಚೆ ಒಂದು ಕಲ್ಲುಗುಡ್ಡ ಹಿಡಿದೆವು. ಗಿಡ ಎಲ್ಲಿಂದ ತರುವುದು? ಟೀಚರ ಹಿತ್ತಲಲ್ಲಿ ಸೀಬೆ ಮರಕ್ಕೆ ಹಬ್ಬಿದ ಒಂದು ಹಳೆಯ ಬಳ್ಳಿಯಿತ್ತು. ಮಾಗಡಿ ಸೀಮೆಯ ತವರಿನಿಂದ ಬಂದದ್ದು, ಬಹಳ ಘಮ. ನಮ್ಮ ಜನಕ್ಕೆ ಒಂದು ಮನೆಯ ಮಲ್ಲಿಗೆ ಚೆನ್ನಾಗಿದ್ದರೆ ಬೀದಿಗೆಲ್ಲ ಅದೇ ಮಲ್ಲಿಗೆ ಬೇಕು. ‘ಒಂದು ಕಡ್ಡಿ ಕೊಡಿ’ ಎಂದು ಕೇಳಿದರೆ ಇಲ್ಲ ಎನ್ನುವವರಿಲ್ಲ. ಹಾಗೆ ವಿಜಯನಗರ, ನಾಗರಬಾವಿ, ಹೆಗ್ಗನಹಳ್ಳಿಯ ಬಾಲ್ಕನಿಗಳಲ್ಲೆಲ್ಲ ಕಡ್ಡಿಗಳು ಬೇರುಬಿಟ್ಟು ಗುಡ್ಡ ಹತ್ತಿದವು. ಕಡ್ಡಿಯಿಂದ ಬಂದದ್ದು ತಾಯಿಯ ನಕಲು ಎಂಬುದು ನನಗೆ ಗೊತ್ತಿತ್ತು. ಆದರೆ ಹಲವರು ತಮ್ಮ ತಮ್ಮ ಊರಿನಿಂದಲೂ ತಂದಿದ್ದೇವೆ ಎಂದು ಎದೆ ತಟ್ಟಿ ಹೇಳಿದ್ದರಿಂದ, ಬೆರಕೆ ಸಾಕಷ್ಟಿದೆ ಎಂದು ನಂಬಿದ್ದೆ. ಪೀಣ್ಯದ ಕಾರ್ಖಾನೆಯಿಂದ ನಿವೃತ್ತರಾದ ಲಗ್ಗೆರೆಯ ಗಂಗಾಧರಯ್ಯನವರಂತೂ ತಮ್ಮದು ಅಪ್ಪಟ ರಾಮನಗರದ ಬಳ್ಳಿ ಎನ್ನುತ್ತಿದ್ದರು. ಪ್ರತಿ ಬಳ್ಳಿಗೂ ನೆಟ್ಟ ಮನೆಯವರ ಹೆಸರು ಕೆತ್ತಿದ ತಗಡಿನ ಬಿಲ್ಲೆ ಕಟ್ಟಿದವರೂ ಅವರೇ. ನಮ್ಮ ದೇವಸ್ಥಾನಗಳ ಫ್ಯಾನಿನ ರೆಕ್ಕೆಯ ಮೇಲೆ ದಾನಿಗಳ ಹೆಸರಿರುತ್ತದಲ್ಲ, ಆ ಥರ.

ಬಳ್ಳಿಗಳು ಚೆನ್ನಾಗಿ ಹಬ್ಬಿದವು. ಪ್ರತಿ ಬೇಸಿಗೆಯಲ್ಲೂ ಗೊಂಚಲು ಗೊಂಚಲು ಹೂ. ಕಾಯಿ ಮಾತ್ರ ಒಂದೂ ಇಲ್ಲ. ಮೊದಲು ಮಳೆಯನ್ನು ಬೈದೆವು, ಆಮೇಲೆ ಜೇನುಹುಳಗಳನ್ನು. ಕೊನೆಗೆ ಯಾರೋ ಬೂದುಗುಂಬಳ ತಂದು ದೃಷ್ಟಿಯನ್ನೂ ತೆಗೆದರು. ಮಾಕಳಿಯ ಕಾಯಿ ಎತ್ತಿನ ಕೊಂಬಿನ ಹಾಗೆ ಜೋಡಿಯಾಗಿ ಬಿಟ್ಟು, ಒಣಗಿ ಬಿರಿದಾಗ ರೇಷ್ಮೆಯಂಥ ಕೂದಲು ಹೊತ್ತ ಬೀಜಗಳು ಗಾಳಿಗೆ ಹಾರುತ್ತವೆ. ಟೀಚರ್ ಚಿಕ್ಕಂದಿನಲ್ಲಿ ಅವುಗಳ ಹಿಂದೆ ಓಡಿದವರು. ನಾನು ಹೊರಡುವ ಹಿಂದಿನ ದಿನ ಡಬ್ಬಿ ಕೈಗಿಟ್ಟು, ಮಂಡಿ ನೀವಿಕೊಳ್ಳುತ್ತ ಹೇಳಿದ್ದರು: “ನಾವು ನೆಟ್ಟಿದ್ದು ನಮ್ ಜೊತೇಗೇ ಮುಗಿದೋಗ್ಬಾರ್ದು ಕಣೇ ಶಾರದಾ. ಅದೇ ಬೀಜ ಹಾಕ್ಬೇಕು, ಅದೇ ಹುಟ್ಬೇಕು. ನಾನಿರೋವಾಗ ಒಂದ್ಸಲ ಗುಡ್ಡದಲ್ಲಿ ಬೀಜ ಹಾರಿದ್ದು ನೋಡಿದ್ರೆ ಸಾಕು ನಂಗೆ.”

ನಾಗರಬಾವಿಯ ಒಂದು ಪ್ರಯೋಗಾಲಯದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿ ಎಲೆಗಳ ಡಿಎನ್‌ಎ ಓದಿಸಿ ಕೊಟ್ಟಿದ್ದ. ಅದರ ಅರ್ಥ ಬಿಡಿಸುವುದನ್ನು ಕಲಿತು ಬಾ ಎಂದು ಗುಂಪು ನನ್ನನ್ನು ಸಮುದ್ರದಾಚೆಗೆ ಕಳಿಸಿತ್ತು. ಹೆಲೆನ್ ಎಲ್ಲ ಕೇಳಿಸಿಕೊಂಡು, ನಾಳೆ ನೋಡೋಣ ಎಂದಷ್ಟೇ ಹೇಳಿದರು.

ಪ್ರಯೋಗಾಲಯ

ಅಲ್ಲಿ ದೊಡ್ಡವರು ಚಿಕ್ಕವರೆನ್ನದೆ ಎಲ್ಲರೂ ತಮ್ಮ ಕಪ್ಪು ತಾವೇ ತೊಳೆಯುತ್ತಾರೆ. ಮೊದಲ ದಿನ ನಾನು ಕಪ್ಪನ್ನು ಮೇಜಿನ ಮೇಲೆ ಬಿಟ್ಟು ಎದ್ದೆ. ಮರಳಿ ಬಂದಾಗ ಅದು ಅಲ್ಲೇ, ಯಾರೂ ಮುಟ್ಟದೆ, ನನ್ನನ್ನೇ ನೋಡುತ್ತ ಕೂತಿತ್ತು. ಆಮೇಲೆ ಎರಡೆರಡು ಸಲ ತೊಳೆದು ಮಾನ ಉಳಿಸಿಕೊಂಡೆ. ಮಧ್ಯಾಹ್ನದ ಊಟವೆಂದರೆ ಹೆಲೆನ್‌ಗೆ ಒಂದು ಹಸಿ ಕ್ಯಾರೆಟ್, ಒಂದು ತುಂಡು ಬ್ರೆಡ್ಡು. ನಾನು ಮರೆಯಲ್ಲಿ ಅವಲಕ್ಕಿ ನೆನೆಸಿಕೊಂಡು ತಿನ್ನುತ್ತಿದ್ದೆ.

ಕಲಿಯಲು ಬಂದವರು ಬೇರೆ ಬೇರೆ ದೇಶಗಳಿಂದ ತಮ್ಮ ತಮ್ಮ ಗಿಡಗಳ ಲೆಕ್ಕ ತಂದಿದ್ದರು. ಕಂಪ್ಯೂಟರ್ ಪ್ರತಿ ಗಿಡಕ್ಕೂ ಒಂದು ಚುಕ್ಕಿ ಇಡುತ್ತದೆ. ಹತ್ತಿರದ ನೆಂಟರಾದರೆ ಚುಕ್ಕಿಗಳು ಹತ್ತಿರ, ದೂರದವರಾದರೆ ದೂರ. ಒಬ್ಬರದು ತೆರೆಯ ತುಂಬ ರಂಗೋಲಿಯಂತೆ ಚೆಲ್ಲಿತ್ತು, ಇನ್ನೊಬ್ಬರದು ಮೂರು ಗುಂಪಾಗಿತ್ತು. ನನ್ನ ಸರದಿ ಬಂತು. ತೆರೆಯ ಮೇಲೆ ಒಂದೇ ಒಂದು ಚುಕ್ಕಿ.

ಫೈಲು ಕೆಟ್ಟಿದೆ ಎಂದುಕೊಂಡೆ. ಮೊಸರಿನ ಉಪ್ಪಿನಕಾಯಿ ತಗುಲಿ ಪೆನ್‌ಡ್ರೈವ್ ಹಾಳಾಯಿತೇನೋ ಎಂಬ ದಡ್ಡ ಯೋಚನೆಯೂ ಬಂತು. ಹೆಲೆನ್ ಇನ್ನೊಮ್ಮೆ ಮಾಡಿಸಿದರು, ಚಿತ್ರ ದೊಡ್ಡದು ಮಾಡಿದರು. ಚುಕ್ಕಿ ಒಂದಲ್ಲ, ಎಲ್ಲ ಚುಕ್ಕಿಗಳೂ ಒಂದರ ಮೇಲೊಂದು ಕೂತಿದ್ದವು. ಗುಡ್ಡದ ತುಂಬ ಇದ್ದದ್ದು ಒಂದೇ ಬಳ್ಳಿ. ಹಲವು ಗಿಡಗಳು ತಮ್ಮದೇ ಪರಾಗ ಬಿದ್ದರೆ ಕಾಯಿ ಕಟ್ಟುವುದಿಲ್ಲ. ನಿಮ್ಮದೂ ಹಾಗೇ ಇರಬೇಕು, ಹೂವಿಗೆ ಹೊರಗಿನ ಪರಾಗ ಸಿಗುತ್ತಲೇ ಇಲ್ಲ ಎಂದು ಅವರು ಮೆಲ್ಲಗೆ ಹೇಳಿದರು.

ಹಾಗಾದರೆ ರಾಮನಗರದ ಬಳ್ಳಿ? ಆ ಸಂಜೆ ಗಂಗಾಧರಯ್ಯನವರಿಗೆ ಫೋನು ಮಾಡಿ, ಕಾರಣ ಹೇಳದೆ ವಿಚಾರಿಸಿದೆ. ಅದು ರಾಮನಗರದ ಅವರ ನಾದಿನಿ ಮನೆಯದು. ನಾದಿನಿಗೆ ಕೊಟ್ಟದ್ದು ಯಾರು ಎಂದು ಕೆದಕಿದರೆ, ಯಾವುದೋ ಮದುವೆಯಲ್ಲಿ ಬಸವೇಶ್ವರನಗರದ ಒಬ್ಬ ಟೀಚರ್ ಎಂದು ಬಂತು. ಉಳಿದ ‘ನಮ್ಮೂರ ಬಳ್ಳಿ’ಗಳ ಕಥೆಯೂ ಹೀಗೇ ಇರಬೇಕು. ಟೀಚರ ಕಡ್ಡಿಗಳು ಮದುವೆ, ನಾಮಕರಣ, ಸೀಮಂತಗಳಲ್ಲಿ ಸೀಮೆಯೆಲ್ಲ ಸುತ್ತಿ, ಬೇರೆ ಬೇರೆ ಊರಿನ ಹೆಸರಿಟ್ಟುಕೊಂಡು ಅವರ ಗುಡ್ಡಕ್ಕೇ ಮರಳಿದ್ದವು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಯಾರೂ ಸ್ವಾರ್ಥ ಮಾಡಿರಲಿಲ್ಲ. ಕೈತುಂಬ ಕೊಟ್ಟದ್ದೇ ತೊಡಕಾಗಿತ್ತು. ಇದನ್ನು ಟೀಚರಿಗೆ ಹೇಗೆ ಹೇಳುವುದು ಎಂಬ ಚಿಂತೆಯಲ್ಲಿ ನೆನೆಸಿದ ಅವಲಕ್ಕಿಯನ್ನೂ ಹಾಗೇ ಬಿಟ್ಟೆ.

ಗೋಧಿ ಸೀಮೆಯ ದಾರಿ

ಕೋಣೆಯಲ್ಲಿ ಕೂತು ಯೋಚಿಸಿದರೆ ಆಗುವುದಿಲ್ಲ, ಇಲ್ಲೇ ಹತ್ತಿರ ಒಂದು ಜಾಗವಿದೆ ಬನ್ನಿ ಎಂದು ಹೆಲೆನ್ ಕರೆದೊಯ್ದರು. ‘ಇಲ್ಲೇ ಹತ್ತಿರ’ ಎಂದರೆ ಅರ್ಧ ದಿನದ ದಾರಿ ಎಂದು ಆಮೇಲೆ ಗೊತ್ತಾಯಿತು. ಮಳೆಯಲ್ಲಿ ಕೆಂಗೇರಿಯಿಂದ ಹೆಬ್ಬಾಳಕ್ಕೆ ಹೋದವಳಾದ್ದರಿಂದ ನನಗೇನೂ ಅನ್ನಿಸಲಿಲ್ಲ. ವ್ಯತ್ಯಾಸವಿಷ್ಟೆ, ಇಲ್ಲಿ ಕಾರು ಅಷ್ಟು ಹೊತ್ತೂ ಚಲಿಸುತ್ತಿತ್ತು.

ಊರು ದಾಟಿದ ಮೇಲೆ ಎದುರಿಗೆ ಬಂದ ಪ್ರತಿ ವಾಹನದವರೂ ಸ್ಟೀರಿಂಗ್ ಮೇಲಿನ ಕೈ ತೆಗೆಯದೆ ಒಂದು ಬೆರಳು ಮಾತ್ರ ಎತ್ತುತ್ತಿದ್ದರು. ಎಲ್ಲ ಹೆಲೆನ್‌ಗೆ ಪರಿಚಯದವರೇ ಎಂದುಕೊಂಡೆ. ಅಲ್ಲವಂತೆ, ಅಷ್ಟು ಖಾಲಿ ನಾಡಿನಲ್ಲಿ ಮನುಷ್ಯ ಕಂಡರೆ ನಮಸ್ಕಾರ ಮಾಡುವ ರೂಢಿ. ಸುಂಕದಕಟ್ಟೆ ಸಿಗ್ನಲ್ಲಿನಲ್ಲಿ ಈ ರೂಢಿ ಇಟ್ಟುಕೊಂಡರೆ ಬೆರಳು ಇಳಿಸಲಿಕ್ಕೇ ಸಮಯವಿರುವುದಿಲ್ಲ.

ಎರಡೂ ಕಡೆ ದಿಗಂತದವರೆಗೆ ಗೋಧಿ. ನಡುನಡುವೆ ಉಪ್ಪು ಉಕ್ಕಿ ಬೆಳ್ಳಗಾದ ಸತ್ತ ನೆಲ. ಅಜ್ಜಂದಿರ ಕಾಲದಲ್ಲಿ ಕಾಡು ಕಡಿದು ಗೋಧಿ ಬಿತ್ತಿದರು, ಮರಗಳ ಬೇರು ಹೋದ ಮೇಲೆ ಅಡಿಯ ಉಪ್ಪುನೀರು ಮೇಲೆದ್ದು ಬಂತು ಎಂದು ಹೆಲೆನ್ ವಿವರಿಸಿದರು. ಹಳೆಯ ಕಾಡು ಉಳಿದಿರುವುದು ರಸ್ತೆಯ ಅಂಚಿನ ಸಣ್ಣ ಪಟ್ಟಿಗಳಲ್ಲಿ. ಅಲ್ಲಿ ಮಾತ್ರ ಬೆಳೆಯುವ ಪೊದೆಗಳೂ ಇವೆಯಂತೆ. ನಮ್ಮಲ್ಲಿ ರಸ್ತೆ ಅಂಚಿನ ಗಿಡ ಎಲ್ಲಕ್ಕಿಂತ ಮೊದಲು ಹೋಗುತ್ತದೆ, ಇಲ್ಲಿ ಎಲ್ಲ ಹೋದ ಮೇಲೆ ಅದೇ ಉಳಿದಿದೆ. ನಾನು ಕಿಟಕಿಯಿಂದ ಆ ತೆಳ್ಳನೆಯ ಹಸಿರನ್ನೇ ನೋಡುತ್ತ ಕೂತೆ.

ರಾನ್ ಅವರ ಜಮೀನು

ಜಮೀನಿನ ಯಜಮಾನ ರಾನ್ ಗೇಟಿನ ಹತ್ತಿರ ನಿಂತಿದ್ದರು. ನನ್ನ ವಯಸ್ಸಿನವರೇ, ಆದರೆ ನನ್ನ ಎರಡರಷ್ಟು ಅಗಲ. ಕೈಕುಲುಕಿ ಮೊದಲು ತೋರಿಸಿದ್ದು ಒಂದು ಬ್ರಷ್ಷು ಮತ್ತು ಔಷಧಿ ನೀರಿನ ತಟ್ಟೆ. ಬೇರು ಕೊಳೆಸುವ ರೋಗ ಮಣ್ಣಿನಲ್ಲಿ ಹರಡುತ್ತದೆಂದು ಅಲ್ಲಿ ಕಾಡಿನ ಬಾಗಿಲಲ್ಲಿ ಶೂ ತೊಳೆದೇ ಒಳಗೆ ಹೋಗಬೇಕು. ಇದಾದರೂ ನನಗೆ ಹೊಸದಲ್ಲ. ಕಾಲು ತೊಳೆದುಕೊಂಡು ಒಳಗೆ ಹೋಗುವುದು ಎಲ್ಲಿ, ಏಕೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ರಾನ್ ಮೊದಲು ಒಂದು ದಿಬ್ಬಕ್ಕೆ ಕರೆದೊಯ್ದರು. ಸಾಲಾಗಿ ಮೊಣಕಾಲೆತ್ತರದ ಪೊದೆಗಳು, ತುಂಬ ಹೂ. ಕೆಳಗೆ ಬರೀ ಜಲ್ಲಿಮಣ್ಣು. ಇವನ್ನು ರಸ್ತೆ ಅಂಚಿನಲ್ಲಿ ಉಳಿದಿದ್ದ ಒಂದು ಚೆಂದದ ಪೊದೆಯ ಕಡ್ಡಿಗಳಿಂದ ಬೆಳೆಸಿ, ಊರವರೆಲ್ಲ ಬಂದು ನೆಟ್ಟಿದ್ದರಂತೆ. ವರ್ಷಗಟ್ಟಲೆ ಕಾದರೂ ಒಂದು ಮರಿಯೂ ಹುಟ್ಟಲಿಲ್ಲ. ಡಿಎನ್‌ಎ ನೋಡಿದಾಗ ಒಂದೇ ಚುಕ್ಕಿ. ನಾನು ಹೆಲೆನ್ ಮುಖ ನೋಡಿದೆ. ಅವರು ಅದಕ್ಕೇ ಕರೆತಂದದ್ದು ಎಂಬಂತೆ ತಲೆಯಾಡಿಸಿದರು. ಚೆಂದದ ಗಿಡ ಕಂಡರೆ ಕಡ್ಡಿ ಕೇಳುವ ಚಪಲ ನಮ್ಮೊಬ್ಬರದೇ ಅಲ್ಲ ಎಂದು ತಿಳಿದು, ನಿಜ ಹೇಳುತ್ತೇನೆ, ನನಗೆ ಬಹಳ ಸಮಾಧಾನವಾಯಿತು.

ಆಮೇಲೆ ಅವರು ಸುತ್ತಲಿನ ಹಲವು ರಸ್ತೆಗಳ ಅಂಚಿನಲ್ಲಿ ಹುಡುಕಿ, ಬೇರೆ ಬೇರೆ ಮೂಲದ ಪೊದೆಗಳ ಸಸಿ ಮಾಡಿ ದಿಬ್ಬದ ಇನ್ನೊಂದು ಬದಿಯಲ್ಲಿದ್ದ ಹಳೆಯ ಸಾಲುಗಳ ನಡುವೆಯೇ ನೆಟ್ಟರು. ತೀರ ದೂರದ್ದು ತರಲಿಲ್ಲ. ಬೇರೆ ಮಣ್ಣು ಬೇರೆ ಮಳೆಗೆ ಒಗ್ಗಿದ್ದನ್ನು ಬೆರೆಸಿದರೆ ಮರಿಗಳು ಇಲ್ಲಿಗೂ ಸಲ್ಲದೆ ಹೋಗಬಹುದು ಎಂದು ಹೆಲೆನ್ ಎಚ್ಚರಿಸಿದರು. ಆ ಬದಿಗೆ ಹೋದಾಗ ರಾನ್ ಇದ್ದಕ್ಕಿದ್ದಂತೆ ಆ ಭಾರಿ ದೇಹವನ್ನು ನೆಲಕ್ಕೆ ಇಳಿಸಿ ಬೋರಲು ಮಲಗಿಬಿಟ್ಟರು. ನನಗೆ ಗಾಬರಿಯಾಯಿತು. ಅವರು ಕೈಬೀಸಿ ನನ್ನನ್ನೂ ಕರೆದರು. ದುಪಟ್ಟಾ ಸೊಂಟಕ್ಕೆ ಕಟ್ಟಿ ನಾನೂ ಮಲಗಿದೆ. ಪೊದೆಯ ಬುಡದಲ್ಲಿ, ಜಲ್ಲಿಯ ನಡುವೆ, ಅಕ್ಕಿಕಾಳಿನಷ್ಟು ಎಲೆಗಳ ಸಸಿಗಳು. ಒಂದು ಕಂಡ ಮೇಲೆ ಕಣ್ಣಿಗೆ ಅಭ್ಯಾಸವಾಗಿ ಎಲ್ಲೆಲ್ಲೂ ಕಂಡವು.

“ಇವನ್ನು ಯಾರೂ ನೆಟ್ಟಿಲ್ಲ,” ಎಂದರು ರಾನ್.

ನನ್ನ ಕಣ್ಣು ತುಂಬಿತು. ಅಲ್ಲಿ ನೊಣಗಳ ಕಾಟ ವಿಪರೀತ, ಆದ್ದರಿಂದ ನೊಣ ಹೊಕ್ಕಿತು ಎಂದು ಹೇಳಲು ಸುಲಭವಾಯಿತು. ಎದ್ದು ಮಣ್ಣು ಕೊಡವಿಕೊಳ್ಳುತ್ತ, ಮೊದಲು ನೆಟ್ಟ ಸಾಲನ್ನು ಏಕೆ ಕಿತ್ತುಹಾಕಲಿಲ್ಲ ಎಂದು ಕೇಳಿದೆ. ರಾನ್ ಟೋಪಿ ಸರಿಮಾಡಿಕೊಂಡು ಅವುಗಳ ಕಡೆ ನೋಡಿದರು. “ಅವುಗಳದ್ದೇನು ತಪ್ಪು? ಜೊತೆ ಸಿಕ್ಕಿರಲಿಲ್ಲ, ಅಷ್ಟೆ.”

ಕಾಳಿನ ಕಣಜದ ಪಕ್ಕ

ಅವರ ಮನೆಯಲ್ಲಿ ಸೂರ್ಯ ಇನ್ನೂ ಮೇಲಿರುವಾಗಲೇ ರಾತ್ರಿಯ ಊಟ ಮುಗಿಯುತ್ತದೆ. ನನಗಾಗಿ ಆಲೂಗೆಡ್ಡೆಯನ್ನು ಮೂರು ಬಗೆಯಲ್ಲಿ ಮಾಡಿದ್ದರು. ಊಟವಾದ ಮೇಲೆ, ಫೋನಿಗೆ ಸಿಗ್ನಲ್ ಸಿಗುವ ಒಂದೇ ಜಾಗವಾದ ಕಾಳಿನ ಕಣಜದ ಪಕ್ಕಕ್ಕೆ ಹೋಗಿ ನಿಂತೆ. ಬಸವೇಶ್ವರನಗರದಲ್ಲಿ ಆಗ ಕಾಫಿಯ ಹೊತ್ತು.

“ಕಾಫಿ ಆಯ್ತಾ ಟೀಚರ್?”

“ಆಯ್ತು. ಕಾಫಿ ಕೇಳೋಕೆ ಅಷ್ಟ್ ದೂರದಿಂದ ಫೋನ್ ಮಾಡಿಲ್ಲ ನೀನು. ವಿಷ್ಯ ಹೇಳು.”

ಹೇಳಿದೆ. ಒಂದೇ ಚುಕ್ಕಿಯಿಂದ ಹಿಡಿದು ರಾಮನಗರದ ನಾದಿನಿಯವರೆಗೆ ಎಲ್ಲ ಹೇಳಿದೆ. ಅವರ ಬೀದಿಯಲ್ಲಿ ಸೊಪ್ಪಿನ ಗಾಡಿಯವನ ಮೈಕು ಕೂಗುವುದು ಮಾತ್ರ ಕೇಳಿಸುತ್ತಿತ್ತು.

“ಅಂದ್ರೆ ಗುಡ್ಡದ ತುಂಬ ಇರೋದು ನಮ್ಮನೆ ಬಳ್ಳಿ ಒಂದೇ ಅನ್ನು.”

“ಹೂಂ ಟೀಚರ್.”

“ಎಲ್ಲಾ ಕಿತ್ತಾಕ್ಬೇಕಾ?”

ತರಗತಿಯ ಕೊನೆಯ ಬೆಂಚಿಗೂ ಕೇಳಿಸುವ ದನಿ ಅವರದು. ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ. ರಾನ್ ಹೇಳಿದ್ದನ್ನೇ ಹೇಳಿದೆ. “ಬೇಡ ಟೀಚರ್. ಅವುಗಳದ್ದೇನೂ ತಪ್ಪಿಲ್ಲ. ಜೊತೆ ಸಿಕ್ಕಿಲ್ಲ, ಅಷ್ಟೆ.”

ಅವರು ನಿಟ್ಟುಸಿರುಬಿಟ್ಟರು. “ನಾವು ಒಂದೇ ಬೆಡಗಿನೋರಲ್ಲಿ ಹೆಣ್ಣು ಕೊಡಲ್ಲ, ತರಲ್ಲ. ಅಣ್ಣತಮ್ಮಂದಿರಾಗ್ತಾರೆ ಅಂತ ನಮ್ಮಜ್ಜಿ ಕಾಲದಿಂದ ನೋಡ್ಕೊಂಡ್ ಬಂದಿದೀನಿ. ಬಳ್ಳಿಗೆ ಮಾತ್ರ ಯಾಕ್ ನೋಡ್ಲಿಲ್ಲ ನಾವು?” ಅದಕ್ಕೆ ಉತ್ತರ ಬರಲೆಂದು ಅವರು ಕಾಯಲಿಲ್ಲ. “ಆಯ್ತು, ನೀನು ಬೇಗ ಬಾ. ಸಂಬಂಧ ನೋಡೋಕೆ ಹೋಗ್ಬೇಕು.”

ಕೆಂಗೇರಿಯ ಆಚೆ

ಬೆಂಗಳೂರಿನಲ್ಲಿ ಇಳಿದಾಗ ನನ್ನ ಶೂಗಳನ್ನು ಯಾರೂ ಕೇಳಲಿಲ್ಲ. ಮೊದಲ ಭಾನುವಾರ ಗುಡ್ಡದ ಬುಡದಲ್ಲಿ ನಿಂತು ನಾನೇ ಬ್ರಷ್ಷಿನಿಂದ ಉಜ್ಜಿಕೊಂಡೆ. ಫಾರಿನ್ನಿಗೆ ಹೋಗಿಬಂದ ಮೇಲೆ ಮಡಿ ಜಾಸ್ತಿಯಾಗಿದೆ ಎಂದು ಗುಂಪಿನವರು ನಕ್ಕರು. ಮುಂದಿನ ಭಾನುವಾರ ಗಂಗಾಧರಯ್ಯನವರು ಒಂದು ತೆಂಗಿನ ನಾರಿನ ಬ್ರಷ್ಷನ್ನು ಕಂಬಕ್ಕೆ ಕಟ್ಟಿ, ಅದಕ್ಕೂ ತಮ್ಮ ಹೆಸರಿನ ಬಿಲ್ಲೆ ಹಾಕಿದ್ದರು.

ಸಂಬಂಧ ನೋಡುವ ಕೆಲಸ ಟೀಚರೇ ವಹಿಸಿಕೊಂಡರು. ಅರಣ್ಯದವರ ಅನುಮತಿ ಪಡೆದು ಮಾಗಡಿ, ಕನಕಪುರ, ರಾಮನಗರದ ಕಡೆಯ ಗುಡ್ಡಗಳಿಗೆ ಹೋದೆವು. ಬೇರು ಮುಟ್ಟದೆ, ಪ್ರತಿ ಬಳ್ಳಿಯಿಂದ ಒಂದೊಂದೇ ಕಡ್ಡಿ. ನೆಡುವ ಮೊದಲು ನನ್ನ ವಿದ್ಯಾರ್ಥಿ ಎಲೆ ಪರೀಕ್ಷಿಸಿ, ಹತ್ತಿರದ ನೆಂಟ ಹೌದೋ ಅಲ್ಲವೋ ಹೇಳುತ್ತಿದ್ದ. ಟೀಚರ್ ಅದನ್ನು ಜಾತಕ ಎನ್ನುತ್ತಿದ್ದರು. ಜಾತಕ ಕೂಡದ ಕಡ್ಡಿಗಳು ಬಾಲ್ಕನಿಯಲ್ಲೇ ಉಳಿದವು, ಕೂಡಿದವು ಟೀಚರ ಬಳ್ಳಿಗಳ ನಡುವೆ ಗುಡ್ಡ ಸೇರಿದವು. ಉಪ್ಪಿನಕಾಯಿ ಮಾತ್ರ ಆ ಮನೆಯಲ್ಲಿ ನಿಂತುಹೋಯಿತು. ಹೆಲೆನ್‌ಗೆ ಕಳಿಸಿದ್ದೇ ಕೊನೆಯ ಡಬ್ಬಿ ಎಂದು ಆಗ ತಿಳಿಯಿತು.

ಹೊಸ ಬಳ್ಳಿಗಳು ಹೂಬಿಡಲು ಕೆಲವು ವರ್ಷ ತೆಗೆದುಕೊಂಡವು. ಕಳೆದ ವರ್ಷ ಟೀಚರ ಹಳೆಯ ಬಳ್ಳಿಗಳಲ್ಲಿ ಮೊದಲ ಸಲ ಜೋಡಿ ಕೊಂಬಿನ ಹಸಿರು ಕಾಯಿಗಳು ಕಂಡವು. ಎಲ್ಲರೂ ಫೋಟೋ ತೆಗೆದುಕೊಂಡೆವು. ಕಾಯಿ ಒಣಗಿ ಬಿರಿಯುವ ದಿನ ಟೀಚರನ್ನು ಹೇಗಾದರೂ ಹತ್ತಿಸಿ ತೋರಿಸಬೇಕು ಎಂದು ಪಾಳಿ ಹಾಕಿ ಕಾದೆವು. ಆದರೆ ಜೋರು ಗಾಳಿಯ ಒಂದು ದಿನ ಯಾರೂ ಹೋಗಲಾಗಲಿಲ್ಲ. ಮಾರನೆಯ ದಿನ ಹೋದರೆ ಕಾಯಿಗಳು ಬಾಯಿಬಿಟ್ಟುಕೊಂಡು ಖಾಲಿಯಾಗಿದ್ದವು. ಮುಳ್ಳಿನ ಪೊದೆಗೆ ಒಂದು ಎಳೆ ರೇಷ್ಮೆ ಸಿಕ್ಕಿಕೊಂಡಿತ್ತು, ಅದನ್ನೇ ತಂದುಕೊಟ್ಟೆ. ಟೀಚರ್ ಅಂಗೈಯಲ್ಲಿಟ್ಟು ನೋಡಿದರು. ನನಗೆ ನನ್ನ ಮೇಲೇ ಸಿಟ್ಟು ಬಂತು.

ಈ ವರ್ಷ ಮಳೆ ಹಿಡಿದು ಬಿಟ್ಟ ಮೇಲೆ, ಸಾಲುಗಳಿಂದ ದೂರ, ನಾವು ಕಾಲಿಡದ ಬಂಡೆಯ ಸಂದಿಯಲ್ಲಿ ಒಂದು ಎಳೆಯ ಮಾಕಳಿ ಕಂಡಿತು. ಟೀಚರನ್ನು ಕರೆತಂದೆವು. ಕೋಲೂರಿಕೊಂಡು, ಎರಡು ಕಡೆ ಕೂತು ಸುಧಾರಿಸಿಕೊಂಡು, ಅವರು ಬಂಡೆಯವರೆಗೆ ಬಂದರು. ಮಲಗಿ ನೋಡುವುದು ಅವರಿಂದಾಗದು. ಗಂಗಾಧರಯ್ಯನವರು ಪ್ಲಾಸ್ಟಿಕ್ ಸ್ಟೂಲು ಹಾಕಿದರು. ಕೂತು, ಬಗ್ಗಿ, ಆ ಪುಟ್ಟ ಎಲೆಯ ಜೋಡಿಯನ್ನು ಬಹಳ ಹೊತ್ತು ನೋಡಿದರು.

“ಹಾರಿದ್ದು ನೋಡ್ಲಿಲ್ಲ ಕಣೇ,” ಎಂದರು. “ಇಳಿದಿದ್ದು ನೋಡ್ದೆ.”

ಗಂಗಾಧರಯ್ಯನವರು ಚೀಲದಿಂದ ಹೊಸ ಬಿಲ್ಲೆ ತೆಗೆದು, ಯಾರ ಹೆಸರು ಕೆತ್ತಲಿ ಟೀಚರ್ ಎಂದು ಕೇಳಿದರು. ಟೀಚರ್ ಆ ತಗಡನ್ನು ಕೈಗೆ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ, ಏನೂ ಬರೆಯದೆ ಅವರ ಚೀಲಕ್ಕೇ ಹಾಕಿದರು.